ಏಳನೇ ಸಲಕ್ಕೆ ಬಿಚ್ಚಿದ ಗಂಟು

ಬೆಳಗಿನ ಐದು ನಲವತ್ತಾರು. ಮೂರು ಮಹಡಿಯ ಕಟ್ಟಡದ ತಾರಸಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಐವತ್ತಮೂರರ ಹೆಂಗಸೊಬ್ಬರು ಪೊರಕೆಯ ಕೋಲು ಹಿಡಿದು ಆಕಾಶ ನೋಡುತ್ತಿದ್ದಾರೆ. ಕೋಲಿಗೆ ಬಡಗಿಯ ಉಕ್ಕಿನ ಟೇಪಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿದೆ. ಅದೇ ಆಂಟೆನಾ. ಸೊಂಟದಲ್ಲಿ ಅಂಗೈಯಗಲದ ರೇಡಿಯೊ. ನೀರಿನ ಟ್ಯಾಂಕಿನ ಪಕ್ಕದಿಂದ ಕೋಲನ್ನು ನಿಧಾನವಾಗಿ ಮೇಲೆತ್ತುತ್ತಾರೆ. ಮೊದಲು ಬರೀ ಸರಸರ ಸದ್ದು. ಆಮೇಲೆ ಅದರೊಳಗಿಂದ ಸಣ್ಣಗೆ ಪೀಂ ಪೀಂ ಎಂಬ ದನಿ.

"ಬಂತು," ಎನ್ನುತ್ತಾರೆ. "ಇವತ್ತೂ ಬಂತು."

ಹತ್ತು ನಿಮಿಷ ಅವರು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ದನಿ ಪಕ್ಕದ ಕಟ್ಟಡದ ಹಿಂದೆ ಕರಗಿದ ಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಒಣಗಿದ ಬಟ್ಟೆ ಮಡಚಲು ಶುರು ಮಾಡುತ್ತಾರೆ. ಆ ದನಿಯ ಒಡೆಯ ಒಂದು ಗೇಣಿಗೂ ಕಮ್ಮಿ ಉದ್ದಗಲದ, ಒಂದೂಕಾಲು ಕಿಲೋ ತೂಕದ ಉಪಗ್ರಹ. ಇವರ ಬಾಯಲ್ಲಿ ಬರೀ 'ಡಬ್ಬಿ'. ಐನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅದರ ಆಂಟೆನಾಗಳನ್ನು ಮಡಿಸಿ ಕಟ್ಟಿದ ಗಂಟು ಇವರದು. ಆ ಗಂಟು ಬಿಚ್ಚಲು ಹತ್ತೊಂಬತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ತನಗೆ ಅನ್ನ ಸೇರಲಿಲ್ಲ ಎನ್ನುತ್ತಾರೆ ಇವರು.

ನನಗೆ ಇವರ ಪರಿಚಯವಾದದ್ದು ಒಂದು ಪ್ಯಾಂಟಿನ ದೆಸೆಯಿಂದ. ಕಾಲು ಗಿಡ್ಡ ಮಾಡಲು ಕೊಟ್ಟಿದ್ದೆ. ವಾಪಸು ತರಲು ಹೋದರೆ ಅಂಗಡಿಯ ಬಾಗಿಲಲ್ಲಿ ರಟ್ಟಿನ ಫಲಕ: 'ಉಪಗ್ರಹ ಬರುವ ಹೊತ್ತು. ಹತ್ತು ನಿಮಿಷ ಕಾಯಿರಿ.' ಅಂಗಡಿ ಮುಚ್ಚಲು ಜನ ಹೇಳುವ ನೆಪಗಳನ್ನು ಬೇಕಾದಷ್ಟು ಕೇಳಿದ್ದೇನೆ. ಇದು ಮಾತ್ರ ಹೊಸದು. ಸರಿಯಾಗಿ ಹತ್ತು ನಿಮಿಷಕ್ಕೆ ಮೆಟ್ಟಿಲಿಳಿದು ಬಂದು, ಏನೂ ಆಗಿಲ್ಲವೆಂಬಂತೆ ನನ್ನ ಪ್ಯಾಂಟು ಕೈಗಿಟ್ಟರು.

ಇವರದು ಆಲ್ಟರೇಷನ್ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಹಿಂದೆ ಪರದೆ, ಪರದೆಯಾಚೆ ಮನೆ. ದಿನಕ್ಕೆ ಹದಿನಾಲ್ಕು ಹದಿನೈದು ಪ್ಯಾಂಟು, ನಾಲ್ಕೈದು ಜಿಪ್ಪು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಬತ್ತರ ಅತ್ತೆ ಪರದೆಯ ಹಿಂದೆ ಕೂತು, ಗಿರಾಕಿಗಳ ಮಾತಿಗೆಲ್ಲ ಅಲ್ಲಿಂದಲೇ ಉತ್ತರ ಕೊಡುತ್ತಾರೆ.

ಹನ್ನೆರಡು ವರ್ಷದ ಹಿಂದೆ ಇದೇ ಬೀದಿಯ ಹವ್ಯಾಸಿ ರೇಡಿಯೊ ಸಂಘದವರು ಚೀಲ ಹೊಲಿಸಲು ಬಂದರು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಬಿಟ್ಟಿಯಾಗಿ ಲೋಕವನ್ನೆಲ್ಲ ಮಾತಾಡಿಸುವ ಹನ್ನೊಂದು ಮಂದಿಯ ಗುಂಪು ಅದು. ಅವರ ಕೈಲಿ ಒಂದು ಮಾದರಿ ಉಪಗ್ರಹವಿತ್ತು. ಉಕ್ಕಿನ ಟೇಪೇ ಅದರ ಆಂಟೆನಾ. ಹಾರುವಾಗ ಅದನ್ನು ಮಡಿಸಿ ನೈಲಾನ್ ದಾರದಿಂದ ಕಟ್ಟಿರಬೇಕು. ಮೇಲೆ ಹೋದ ಮೇಲೆ ಬಿಸಿ ತಂತಿಯೊಂದು ದಾರವನ್ನು ಸುಟ್ಟರೆ ಟೇಪು ತಾನೇ ಚಿಮ್ಮಿ ನೆಟ್ಟಗಾಗುತ್ತದೆ.

"ಅವರು ಟೇಪನ್ನ ಮುರಿಯೋ ಹಾಗೆ ಮಡಚಿದ್ರು, ನೋಡೋಕಾಗ್ಲಿಲ್ಲ. ಮಡಚಬೇಡಿ, ಸುತ್ತಿ ಅಂದೆ. ಗಂಟೂ ಸಡಿಲ ಇತ್ತು, ಬಿಚ್ಚಿ ನಾನೇ ಹಾಕಿಕೊಟ್ಟೆ. ಚೀಲದ ಮಾತು ಎಲ್ಲರಿಗೂ ಮರೆತೇ ಹೋಯ್ತು."

ನಲವತ್ತೊಂದನೇ ವಯಸ್ಸಿನಲ್ಲಿ ಪರೀಕ್ಷೆ ಬರೆದು ಇವರೂ ಲೈಸೆನ್ಸ್ ಪಡೆದರು. ಸಂಘದಲ್ಲಿ ಇವರಿಗೆ 'ಗಂಟಕ್ಕ' ಎಂದೇ ಹೆಸರು. ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಉಪಗ್ರಹಕ್ಕೆ ಹೊಳೆದ ಉಪಾಯಗಳನ್ನು ಬರೆದಿಡುತ್ತಾರೆ. ಇದುವರೆಗೆ ಅರವತ್ತಮೂರು. ಬಳಕೆಯಾದದ್ದು ಎರಡು. ಒಂದು, ಟೇಪು ಸುತ್ತುವ ಬಗೆ. ಇನ್ನೊಂದು, ಅತ್ತೆಯಿಂದ ಕಲಿತದ್ದು.

"ನಮ್ಮ ಮನೆಯವರನ್ನ ಎಬ್ಬಿಸೋದು ಸುಲಭ ಅಲ್ಲ. ಅತ್ತೆ ಒಂದು ಸಲ ಕೂಗ್ತಾರೆ. ಏಳದಿದ್ರೆ ಸುಮ್ಮನಿದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಸ್ವಲ್ಪ ಜೋರಾಗಿ ಕೂಗ್ತಾರೆ. ಡಬ್ಬಿಯೂ ಹಾಗೇ ಮಾಡ್ಲಿ ಅಂದೆ. ಮೂರು ದಿನ ನಮ್ಮ ಮಾತು ಅದಕ್ಕೆ ಕೇಳಿಸದಿದ್ರೆ ಗಂಟು ಬಿಚ್ಚಿಲ್ಲ ಅಂದ್ಕೊಂಡು ಮತ್ತೆ ತಂತಿ ಕಾಯಿಸ್ಲಿ. ಪ್ರತಿ ಸಲ ಎರಡು ಸೆಕೆಂಡು ಜಾಸ್ತಿ."

ಸಂಘದ ಹಿರಿಯರು, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಮೂಗು ಮುರಿದರು. ಬ್ಯಾಟರಿ ಸತ್ತು ಹೋಗುತ್ತದೆ ಎಂಬುದು ಅವರ ಅಂಜಿಕೆ. ಕೊನೆಗೆ ಒಪ್ಪಿದರು, ಆದರೆ ಲೆಕ್ಕ ಕಟ್ಟಿ: ಮೊದಲ ಸಲ ನಾಲ್ಕು ಸೆಕೆಂಡು, ಏಳನೇ ಸಲ ಹದಿನಾರು. ಅದಾದ ಮೇಲೆ ಮತ್ತೆ ಯತ್ನವಿಲ್ಲ.

ಡಬ್ಬಿ ರಾಕೆಟ್ಟಿನಲ್ಲಿ ಹಾರಿತು. ಮೊದಲ ದಿನ ದನಿಯಿಲ್ಲ. ಮೂರನೇ ದಿನವೂ ಇಲ್ಲ. ಆರನೇ ದಿನ ಪ್ಯಾಂಟಿನ ಹೆಮ್ಮಿಂಗ್ ಮಾಡುತ್ತಿದ್ದ ಗಂಟಕ್ಕನ ಕೈ ತಟ್ಟನೆ ನಿಂತಿತು. ಹಾರಿಸುವವರಿಗೆ ಡಬ್ಬಿ ಒಪ್ಪಿಸುವ ದಿನ, ಹಾರುವಾಗಿನ ಅದುರಾಟಕ್ಕೆ ಗಂಟು ಸಡಿಲವಾದೀತೆಂದು, ಒಂದು ಹನಿ ಅಂಟು ಸಾಕಾಗಿದ್ದ ಕಡೆ ಯಾರಿಗೂ ಹೇಳದೆ ಎರಡನೆಯ ಹನಿಯನ್ನೂ ಹಾಕಿದ್ದರು. ಡಬ್ಬಿಗೆ ಏನು ಮಾಡಿದರೂ ದಫ್ತರಿನಲ್ಲಿ ಬರೆಯಬೇಕೆಂಬುದು ಸಂಘದ ನಿಯಮ. ಇವರು ಬರೆದಿರಲಿಲ್ಲ. ಹೊಲಿಗೆ ಬಿಚ್ಚಬಾರದೆಂದು ಹಿಂದಕ್ಕೊಂದು ಹೆಚ್ಚಿನ ಹೊಲಿಗೆ ಹಾಕಿ ಮುಗಿಸುವ ಕೈ ಅದು. ಇದು ಬಿಚ್ಚಲೆಂದೇ ಹಾಕುವ ಗಂಟು ಎಂಬುದನ್ನು ಒಂದು ಗಳಿಗೆ ಮರೆತಿತ್ತು.

ಅದೇ ದಾರ, ಅದೇ ತಂತಿ, ಎರಡು ಹನಿ ಅಂಟು ಹಾಕಿ ಇಸ್ತ್ರಿ ಮೇಜಿನ ಮೇಲೆ ಸುಟ್ಟು ನೋಡಿದರು. ಅಂಟು ದಾರದುದ್ದಕ್ಕೂ ಹರಿದಿತ್ತು. ನಾಲ್ಕು ಸೆಕೆಂಡಿಗೆ ಕಡಿಯಲಿಲ್ಲ. ಎಂಟಕ್ಕೂ ಇಲ್ಲ. ಹನ್ನೆರಡಕ್ಕೆ ಕಡಿಯಿತು. ಆದರೆ ಅದು ಮೇಜಿನ ಮೇಲೆ; ಮೇಲಿನ ಚಳಿಯಲ್ಲಿ ಎಷ್ಟು ಹಿಡಿಯುತ್ತದೋ ಯಾರಿಗೆ ಗೊತ್ತು. ಸುಟ್ಟ ದಾರವನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಸಂಘಕ್ಕೆ ಹೋದರು.

"ತಪ್ಪು ನಂದು ಅಂದೆ. ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮೇಷ್ಟ್ರು 'ಬರೆದಿದ್ರೆ ಸಾಕಿತ್ತಮ್ಮ' ಅಂದ್ರು, ಅಷ್ಟೇ. ಐದು ವರ್ಷದ ಕೆಲಸ, ಹನ್ನೊಂದು ಜನದ್ದು. ಆಮೇಲೆ ಸಂಘದ ಮೆಟ್ಟಿಲು ಹತ್ತೋಕೆ ನಂಗೆ ಮುಖ ಇರ್ಲಿಲ್ಲ."

ಒಂಬತ್ತನೇ ದಿನ ಹೋಯಿತು, ಹನ್ನೆರಡು ಹೋಯಿತು, ಹದಿನೈದೂ ಹೋಯಿತು. ಹದಿನೆಂಟನೇ ದಿನಕ್ಕೆ ಕೊನೆಯ ಸರದಿ. ಹತ್ತೊಂಬತ್ತನೇ ದಿನದ ಬೆಳಗ್ಗೆ ಗಂಟಕ್ಕ ಒಬ್ಬರೇ ಈ ತಾರಸಿಗೆ ಬಂದು ಕೋಲೆತ್ತಿದರು. ಸರಸರ ಸದ್ದಿನೊಳಗಿಂದ ಮೋರ್ಸ್ ಸಂಕೇತ ಬಂತು. ಗಂಟು ಬಿಚ್ಚಲು ಎಷ್ಟು ಸಲ ಯತ್ನಿಸಿದೆ ಎಂಬುದನ್ನು ಡಬ್ಬಿ ಮೊದಲು ಹೇಳಬೇಕೆಂದು ಹಾಗೆ ಮಾಡಿದ್ದರು. ಎರಡು ಉದ್ದ, ಮೂರು ಗಿಡ್ಡ. ಏಳು.

ಹೋದ ಜೀವ ಬಂದಂತಾಯಿತು ಎಂದು ಹೇಳುವಾಗ ಈಗಲೂ ಅವರ ಕಣ್ಣು ಒದ್ದೆಯಾಗುತ್ತದೆ. ತಾರಸಿಯ ಮೇಲೇ ಕುಸಿದು ಕೂತು, ಒಣಹಾಕಿದ್ದ ಗಿರಾಕಿಯ ಅಂಗಿಯಲ್ಲೇ ಮುಖ ಒರೆಸಿಕೊಂಡರಂತೆ. ಆಮೇಲೆ ಆ ಅಂಗಿಯನ್ನು ಮತ್ತೆ ಒಗೆಯಬೇಕಾಯಿತು. ಕೆಳಗೆ ಬಂದು ಹೇಳಿದರೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟನೇ ಕೂಗಿಗೆ ಎದ್ದಿತು?"

"ಏಳನೇದಕ್ಕೆ ಅತ್ತೆ."

"ಪರವಾಗಿಲ್ಲ. ನಿನ್ನ ಗಂಡನಿಗಿಂತ ವಾಸಿ."

ಡಬ್ಬಿ ಈಗ ದಿನಕ್ಕೆ ನಾಲ್ಕೈದು ಸಲ ಈ ಊರಿನ ಮೇಲೆ ಹಾಯುತ್ತದೆ. ಸಂಘದವರು ಕೂಗಿ ಎಬ್ಬಿಸುವ ಆ ಉಪಾಯವನ್ನು ಯಾವ ದೇಶದ ಹವ್ಯಾಸಿಗಳು ಬೇಕಾದರೂ ಬಳಸಲೆಂದು ಚಿತ್ರ ಸಮೇತ ಕಳಿಸಿದ್ದಾರೆ. ನಿಮ್ಮ ಹೆಸರು ಹಾಕೋಣವೇ ಎಂದರೆ ಗಂಟಕ್ಕ ಬೇಡವೆಂದರಂತೆ. ಹಾಗಾದರೆ ನಿಮಗೆ ಏನು ಬೇಕು ಎಂದು ನಾನು ಕೇಳಿದೆ.

"ಮುಂದಿನ ಡಬ್ಬಿಗೂ ಗಂಟು ನಂಗೇ ಕೊಡ್ಲಿ," ಎಂದರು, ಸೂಜಿಗೆ ದಾರ ಪೋಣಿಸುತ್ತ. "ಕೇಳೋಕೆ ಬಾಯಿ ಬರ್ತಿಲ್ಲ."

ಈ ಲೇಖನ ಮುಗಿಸುವ ಮುಂಚೆ, ಫೋಟೊ ಬೇಕಿತ್ತೆಂದು ಇನ್ನೊಮ್ಮೆ ಅಂಗಡಿಗೆ ಹೋದೆ. ಮೇಷ್ಟ್ರು ಕೌಂಟರಿನ ಮುಂದೆ ನಿಂತಿದ್ದಾರೆ. ಜೇಬಿನಿಂದ ನೈಲಾನ್ ದಾರದ ಹೊಸ ಉಂಡೆ ತೆಗೆದು ಇಡುತ್ತಾರೆ. ಅದರ ಪಕ್ಕ ದಫ್ತರು, ಅದರ ಮೇಲೊಂದು ಪೆನ್ನು. ಅಂಟಿನ ಟ್ಯೂಬು ತಂದಿಲ್ಲ.

ಗಂಟಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದು ಮೊಳ ದಾರ ಎಳೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಮೊದಲು ದಫ್ತರು ತೆರೆದು ತಾರೀಖು ಬರೆಯುತ್ತಾರೆ.

"ಈ ಸಲ ಒಂದೇ ಸಲಕ್ಕೆ ಬಿಚ್ಚುತ್ತೆ ಮೇಷ್ಟ್ರೇ."

ಪರದೆಯ ಹಿಂದಿನಿಂದ ಅತ್ತೆಯ ದನಿ: "ಬಿಚ್ಚಲಿ, ಬಿಚ್ಚಲಿ. ಆದ್ರೂ ಕೂಗೋದನ್ನ ಬಿಡಬೇಡಿ."