ಬೆಳಗಿನ ಹೊತ್ತು ಓಡದ ಕ್ಯಾಮೆರಾ

ಹಲಸೂರಿನ ಬಜಾರ್ ಬೀದಿಯಿಂದ ಒಳಕ್ಕೆ ತಿರುಗಿದರೆ ನಮ್ಮ ಸಂದಿ. ನಮ್ಮ ಮನೆಯ ಎದುರಿಗೇ ಮೆಹರುನ್ನೀಸಾಳ ಅಂಗಡಿ. ಅಂಗಡಿ ಅಂದರೆ ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ. ಅವಳ ಗಂಡ ಇನಾಯತ್ ಸಾಬರು ಅಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಎಲ್ಲರೂ ಫೋನಿನಲ್ಲೇ ಫೋಟೋ ಹಿಡಿಯುವ ಕಾಲ ಬಂದಮೇಲೆ ಗಿರಾಕಿ ಕಡಿಮೆಯಾದರು. ಆದರೂ ಹಳೆಯ ಕ್ಯಾಮೆರಾದ ಹುಚ್ಚು ಹಿಡಿದವರು ಹುಡುಕಿಕೊಂಡು ಬರುತ್ತಲೇ ಇದ್ದರು. ನಾನು ಜಗಲಿಯ ಮೇಲೆ ಕೂತು ಹೂ ಕಟ್ಟುವವಳು. ಎದುರಿಗೆ ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ.

ಸಾಬರಿಗೆ ಕೊನೆಕೊನೆಗೆ ಕಣ್ಣು ಮಂಜಾಯಿತು. ಆಗ ಮೆಹರು ಅವರ ಪಕ್ಕದಲ್ಲಿ ಕೂರಲು ಶುರುಮಾಡಿದಳು. ಅವರು ಹೇಳುವುದು, ಇವಳು ಮಾಡುವುದು. ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಬಿಚ್ಚುವುದು, ಬಿಳಿ ಪೆಟ್ರೋಲಿನಲ್ಲಿ ಹಲ್ಲುಚಕ್ರಗಳನ್ನು ತೊಳೆಯುವುದು, ಮತ್ತೆ ಕೂಡಿಸುವುದು, ಎಲ್ಲ ಅವಳದೇ ಕೈ. ಎಣ್ಣೆ ಬಿಡುವುದನ್ನು ಮಾತ್ರ ಸಾಬರು ಬಿಟ್ಟುಕೊಡಲಿಲ್ಲ. "ಎಣ್ಣೆ ನಂದು" ಅನ್ನುತ್ತಿದ್ದರು. ಸೂಜಿಯ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು, ಕಣ್ಣು ಕಾಣದಿದ್ದರೂ ಬೆರಳಲ್ಲಿ ತಡವಿ ಸರಿಯಾದ ಜಾಗಕ್ಕೇ ಮುಟ್ಟಿಸುತ್ತಿದ್ದರು. ಆ ಹೊತ್ತಿಗೆ ಮೆಹರು ಚಹಾ ಕಾಯಿಸಲು ಒಳಗೆ ಹೋಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಸಾಬರು ತೀರಿಕೊಂಡರು. ಗಂಡ ತೀರಿದಮೇಲೆ ಹಿಡಿಯುವ ಇದ್ದತ್ತಿನ ನಾಲ್ಕು ತಿಂಗಳನ್ನು ಮನೆಯೊಳಗೇ ಕಳೆದು ಅವಳು ಹೊರಗೆ ಬಂದಾಗ, ಮೈದುನ ಸಕ್ಲೇನ್ ಅಂಗಡಿಯ ಮಾತೆತ್ತಿದ. ಅವನೇನು ಕೆಟ್ಟವನಲ್ಲ. ಅಣ್ಣನ ಕಾಯಿಲೆಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದವನು ಅವನೇ.

"ಭಾಭಿ, ಭಾಯ್ ಇದ್ದಾಗ ಅಂಗಡಿ ಇತ್ತು. ಈಗ ನಿಮ್ಮನ್ನ ನಂಬ್ಕೊಂಡು ಯಾರು ಮಾಲು ಕೊಡ್ತಾರೆ? ಗುಜರಿಯೋನಿಗೆ ಹೇಳಿದೀನಿ. ಡ್ರಾಯರ್‌ ಸಮೇತ ಎಲ್ಲಾ ತಗೊಂಡು ಹೋಗ್ತಾನೆ."

"ಒಂದು ಕೆಲ್ಸ ನಾನೇ ಮಾಡಿ ನೋಡ್ತೀನಿ. ಆಗ್ಲಿಲ್ಲಾಂದ್ರೆ ಬೀಗ ನೀನೇ ಹಾಕು," ಅಂದಳು ಮೆಹರು.

ಅವನು ಒಪ್ಪಿದ. ಆದರೆ ಬಹಳ ದಿನ ಕಾಯುವುದಿಲ್ಲ, ಭಾನುವಾರ ಗುಜರಿಯವನನ್ನು ಕರೆದುಕೊಂಡೇ ಬರುತ್ತೇನೆ ಅಂದ.

ಆ ವಾರವೇ ಪಂಚಾಕ್ಷರಿ ಬಂದ. ಹಾವೇರಿ ಕಡೆಯವನು, ಇಂದಿರಾನಗರದಲ್ಲಿ ಆಫೀಸು, ಬಾಡಿಗೆ ಮನೆ ರಾಮಮೂರ್ತಿ ನಗರದಲ್ಲಿ. ಕೈಯಲ್ಲಿ ಒಂದು ಸಿನಿಮಾ ಕ್ಯಾಮೆರಾ. ಕರೆಂಟಿಲ್ಲ, ಸೆಲ್ಲಿಲ್ಲ, ಗೋಡೆ ಗಡಿಯಾರದ ಹಾಗೆ ಕೀಲಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಗುಂಡಿ ಒತ್ತಿದಾಗ ಫಿಲ್ಮನ್ನು ಓಡಿಸುವಂಥದ್ದು. ಶಿವಾಜಿನಗರದ ಗುಜರಿಯಲ್ಲಿ ಕೊಂಡಿದ್ದನಂತೆ.

"ಅಮ್ಮಾರ, ಇದನ್ನ ರಿಪೇರಿ ಮಾಡೋ ಸಾಬರು ಎಲ್ಲಿ ಅದಾರ್ರಿ?"

"ಅವರಿಲ್ಲ. ನಾನಿದೀನಿ," ಅಂದಳು ಇವಳು.

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. "ಕೀಲಿ ಪೂರಾ ಕೊಡ್ತೀನ್ರಿ. ಗುಂಡಿ ಒತ್ತಿದ್ರ ಉಸಿರಽ ಇಲ್ಲ. ನಮ್ಮವ್ವ ಊರಿಂದ ಬಂದಾಳ. ದಿನಾ ಮುಂಜಾನೆ ಆಕಿ ರಂಗೋಲಿ ಹಾಕೋದನ್ನ ಫಿಲ್ಮಿನಾಗ ಹಿಡೀಬೇಕಂತ ಆಸೆ. ರವಿವಾರ ಹೊಂಟಾಳ. ನನ್ನ ಹತ್ರ ಇರೋದು ಒಂದಽ ಫಿಲ್ಮ್ ಸುರುಳಿ."

ಮೆಹರು ನನ್ನ ಕಡೆ ತಿರುಗಿ ಕೂಗಿದಳು, "ಅಣ್ಣಮ್ಮಕ್ಕಾ, ನಿಮ್ದು ಇಡ್ಲಿ ತಟ್ಟೆ ಕೊಡಿ."

ಇಡ್ಲಿ ತಟ್ಟೆ ಯಾಕೆಂದರೆ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಯಲ್ಲಿ ಇಡುವುದಕ್ಕೆ. ಕೂಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರಬೇಕು. ಅದು ಸಾಬರು ಕಲಿಸಿದ ಪದ್ಧತಿ. ಸಾಬರಿದ್ದಾಗ ನಮ್ಮ ಮನೆಯ ಒಂದು ತಟ್ಟೆ ಯಾವಾಗಲೂ ಅವರ ಅಂಗಡಿಯಲ್ಲೇ ಇರುತ್ತಿತ್ತು, ಅವರು ಹೋದಮೇಲೆ ಮನೆಗೆ ಬಂದಿತ್ತು.

ಮೊದಲು ಗುಂಡಿಯನ್ನು ಒತ್ತಿ ಹಿಡಿದು, ಕೀಲಿಯನ್ನು ಬೆರಳಲ್ಲಿ ತಡೆತಡೆದು ಸ್ಪ್ರಿಂಗಿನ ಬಿಗಿ ಇಳಿಸಿದಳು. ಬಿಗಿ ಇಳಿಸದೆ ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಾರಿ ಕೈ ಕತ್ತರಿಸುತ್ತದೆ. ಒಳಗೆ ಹಳೆಯ ಗ್ರೀಸು ಒಣಗಿ ಕಪ್ಪು ಮೇಣವಾಗಿತ್ತು. ಫಿಲ್ಮಿನ ತೂತಿಗೆ ಸಿಕ್ಕಿಸಿ ಎಳೆಯುವ ಸಣ್ಣ ಉಗುರಿನಂಥದ್ದು ಒಂದಿರುತ್ತದೆ, ಅದೂ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಬಿಳಿ ಪೆಟ್ರೋಲಿನಲ್ಲಿ ಎಲ್ಲವನ್ನೂ ತೊಳೆದಳು. ಉಗುರನ್ನು ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದಳು. ಕಡೆಗೆ ಸಾಬರು ಕೂರುತ್ತಿದ್ದ ಜಾಗದ ಪಕ್ಕದ ಗೂಡಿನಿಂದ ಅವರ ಎಣ್ಣೆ ಬಾಟಲಿ ತೆಗೆದಳು. ಬಾಟಲಿಗೆ ಚೀಟಿಯಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಸ್ಮಿಲ್ಲಾ ಅಂದು, ಸೂಜಿಯಲ್ಲಿ ಮುಟ್ಟಿಸಿದಳು.

ಮಧ್ಯಾಹ್ನದ ನಮಾಜಾದ ಮೇಲೆ ಅಂಗಡಿಗೆ ಬಿಸಿಲು ಬೀಳುತ್ತದೆ. ಆ ಬಿಸಿಲಲ್ಲಿ ಗುಂಡಿ ಒತ್ತಿದಳು. ಕ್ಯಾಮೆರಾ ಗರ್ರ್ ಎಂದು ಒಂದೇ ಸಮನೆ ಓಡಿತು. ಸಂಜೆ ಪಂಚಾಕ್ಷರಿ ಒಯ್ದ. ಆ ಹೊತ್ತು ಅವಳ ನಡಿಗೆಯೇ ಬೇರೆಯಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅವನು ತಿರುಗಿ ಬಂದ.

"ಅವ್ವ ರಂಗೋಲಿ ಬುಟ್ಟಿ ಹಿಡ್ಕೊಂಡು ಕುಂತಿದ್ಲು ನೋಡ್ರಿ. ಚೂರು ಓಡಿ, ಕುಂಟಿ, ನಿಂತೇ ಬಿಡ್ತು. ಮೊದಲ ಪರೀಕ್ಷಾ ಮಾಡೂಣಂತ ಫಿಲ್ಮ್ ಹಾಕಿರಲಿಲ್ಲ, ಪುಣ್ಯಾ. ನಮ್ಮವ್ವ ಅಂದ್ಲು, ನನ್ನ ಮಾರಿ ನೋಡಿ ಅಂಜಿತೇನೋ ನಿನ್ನ ಯಂತ್ರ ಅಂತ."

ಮೆಹರು ಕ್ಯಾಮೆರಾ ತೆಗೆದುಕೊಂಡು ಗುಂಡಿ ಒತ್ತಿದಳು. ಓಡಿತು. ಮತ್ತೆ ಒತ್ತಿದಳು. ಮತ್ತೂ ಓಡಿತು. ಒಣಗಿರಬೇಕು ಅಂದುಕೊಂಡು ಅವಳು ಮತ್ತೆ ಬಿಚ್ಚಿ ಇನ್ನಷ್ಟು ಎಣ್ಣೆ ಮುಟ್ಟಿಸಿ ಕೊಟ್ಟಳು. ಅದರ ಮರುದಿನ ಬೆಳಗ್ಗೆ ಅದು ಕದಲಲೇ ಇಲ್ಲ.

ಈ ಸಲ ಪಂಚಾಕ್ಷರಿ ಬಂದಾಗ ಸಕ್ಲೇನೂ ಅಲ್ಲಿದ್ದ. ಅವನು ಬೈಯಲಿಲ್ಲ. ಮೆಲ್ಲಗೆ, "ಬಸ್ ಕರೋ ಭಾಭಿ, ಸಾಕು. ಭಾಯ್ ಕೈ ಬೇರೆ," ಅಂದು ಹೋದ. ಬೈದಿದ್ದರೆ ಅವಳಿಗೆ ಇಷ್ಟು ನಾಟುತ್ತಿರಲಿಲ್ಲ.

ಅವಳು ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ಅಕ್ಕಾ, ಇದು ನನ್ನತ್ರ ಓಡುತ್ತೆ, ಗಿರಾಕಿ ಹತ್ರ ಓಡಲ್ಲ."

"ಅಲ್ಲ ಕಣೇ, ನಿನ್ನತ್ರ ಯಾವಾಗ ಓಡುತ್ತೆ?"

"ಮಧ್ಯಾಹ್ನ. ನಮ್ಮೋರು ಬೆಳಗ್ಗೆ ಅಂಗಡಿ ತೆಗೀತಾನೇ ಇರ್ಲಿಲ್ಲವಲ್ಲ." ಅಂದವಳು ತಟ್ಟನೆ ಅಂಗಡಿಯ ಕಡೆ ತಿರುಗಿದಳು. ಆಮೇಲೆ ಎದ್ದು ನಿಂತು, "ಬೆಳಗ್ಗೆ ಬರೋ ಕಾಯಿಲೆನ ಬೆಳಗ್ಗೇನೇ ನೋಡ್ಬೇಕು," ಅಂದಳು. ಕ್ಯಾಮೆರಾವನ್ನು ಅಂಗಡಿಯ ಮೇಜಿನ ಮೇಲೇ ಬಿಟ್ಟು ಶಟರ್ ಎಳೆದಳು.

ಅದು ಧನುರ್ಮಾಸ. ಶನಿವಾರ ಸೋಮೇಶ್ವರ ಸ್ವಾಮಿ ಗುಡಿಯಲ್ಲಿ ಬೆಳಗಿನ ಪೂಜೆ ಮುಗಿಸಿ, ಹುಗ್ಗಿ ಪ್ರಸಾದ ಹಿಡಿದು ನಾನು ಬರುವಾಗ ಅಂಗಡಿಯ ಶಟರ್ ಅರ್ಧ ಮೇಲೆದ್ದಿತ್ತು. ಮೆಹರು ಶಾಲು ಹೊದ್ದು ಕೂತಿದ್ದಳು. ಗುಂಡಿ ಒತ್ತಿ ತೋರಿಸಿದಳು. ಕ್ಯಾಮೆರಾ ಅಲುಗಲಿಲ್ಲ. ಅದನ್ನು ಶಾಲಿನೊಳಗೆ ಹೊಟ್ಟೆಗೆ ಒತ್ತಿಕೊಂಡಳು, ಎಳೆಕೂಸನ್ನು ಹಿಡಿದ ಹಾಗೆ. ನಾನು ತಂದ ಹುಗ್ಗಿಯನ್ನು ಇಬ್ಬರೂ ತಿಂದೆವು. ಆಮೇಲೆ ಒತ್ತಿದಳು. ಗೊಣಗಿಕೊಂಡು ಓಡಿತು.

"ಇದಕ್ಕೆ ಚಳಿ ಅಕ್ಕಾ," ಅಂದಳು.

ಸೂಜಿ ತೆಗೆದುಕೊಂಡು ಗೂಡಿನಲ್ಲಿದ್ದ ಬಾಟಲಿಗೆ ಅದ್ದಲು ಹೋದಳು. ಸೂಜಿ ಇಳಿಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗಿನ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ನಮ್ಮ ಮನೆಯಲ್ಲೂ ಆ ತಿಂಗಳು ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿಲಿಗಿಡದೆ ಎಣ್ಣೆ ಬರುವುದಿಲ್ಲ. ನಾನು ಮೂಸಿ ನೋಡಿದೆ.

"ಮೆಹರು, ಇದು ತೆಂಗಿನೆಣ್ಣೆ ಅಲ್ವೇನೇ?"

ಅವಳೂ ಮೂಸಿದಳು. ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಪೆಟ್ರೋಲಿನಲ್ಲಿ ಅದ್ದಿ ಅದ್ದಿ ಚರ್ಮ ಬಿರಿದಿತ್ತು. ನೋಡುತ್ತ ನೋಡುತ್ತ ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

"ಅವರು ಕೈಗೆ ಹಚ್ಕೊಳ್ತಿದ್ದಿದ್ದು ಇದು. ಚಳಿಗಾಲದಲ್ಲಿ ಬೆರಳೆಲ್ಲ ಸೀಳೋದು. ನಾನು ಚಹಾ ತರೋದ್ರೊಳಗೆ ಕೈ ಮಿರಿಮಿರಿ ಅನ್ನೋದು. ನಾನು ಇದನ್ನೇ ಹೋಗಿ ಯಂತ್ರಕ್ಕೆ ಬಿಟ್ಟಿದೀನಿ. ಅವರ ಎಣ್ಣೆ ಅಂತ."

"ಹಂಗಾದ್ರೆ ಯಂತ್ರದ್ದು ಎಲ್ಲಿ?"

ಡ್ರಾಯರ್‌ಗಳನ್ನೆಲ್ಲ ಎಳೆದು ನೋಡಿದಳು. ಸಿಕ್ಕಲಿಲ್ಲ. ಕೊನೆಗೆ ಉಳಿದದ್ದು ಸಾಬರ ಕನ್ನಡಕದ ಡಬ್ಬಿ. ಅವರು ಹೋದಮೇಲೆ ಅದನ್ನು ಅವಳು ಮುಟ್ಟಿರಲಿಲ್ಲ, ದಿನಾ ಧೂಳು ಮಾತ್ರ ಒರೆಸುತ್ತಿದ್ದಳು. ಈಗ ತೆಗೆದಳು. ಕನ್ನಡಕದ ಪಕ್ಕದಲ್ಲಿ, ಹತ್ತಿಯಲ್ಲಿ ಸುತ್ತಿದ ಹೆಬ್ಬೆರಳಿನಷ್ಟು ಗಾಜಿನ ಶೀಷೆ. ಒಳಗಿನ ಎಣ್ಣೆ ಆ ಚಳಿಯಲ್ಲೂ ನೀರಿನಂತೆ ಅಲುಗಾಡುತ್ತಿತ್ತು.

ಕಣ್ಣು ಕಾಣದವರಿಗೆ ಕನ್ನಡಕದಿಂದ ಏನು ಉಪಯೋಗ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ದಿನಾ ಕೈಗೆ ಸಿಗುವ ಜಾಗವೆಂದು ಅಲ್ಲಿಟ್ಟಿದ್ದರು ಅಂತ ಕಾಣುತ್ತದೆ.

ಆ ದಿನವೆಲ್ಲ ಅವಳು ಕ್ಯಾಮೆರಾವನ್ನು ಮೊದಲಿನಿಂದ ಬಿಚ್ಚಿದಳು. ತೆಂಗಿನೆಣ್ಣೆಯ ಜಿಡ್ಡು ಒಂದು ಹಲ್ಲಿನ ಸಂದಿಯಲ್ಲೂ ಉಳಿಯದ ಹಾಗೆ ತೊಳೆದಳು. ಶೀಷೆಯ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸುವಾಗ ಈ ಸಲ ಕಣ್ಣು ಮುಚ್ಚಿ, ಸಾಬರ ಹಾಗೆ ಬೆರಳಲ್ಲಿ ತಡವಿಕೊಂಡಳು. ಪಂಚಾಕ್ಷರಿಗೆ ಫೋನ್ ಮಾಡಿ, "ನಾಳೆ ಬೆಳಕು ಹರಿಯೋವಾಗ್ಲೇ ಬನ್ನಿ. ಚಳಿಯಲ್ಲೇ ನೋಡ್ಬೇಕು," ಅಂದಳು. ಕ್ಯಾಮೆರಾ ಮತ್ತೆ ಮೇಜಿನ ಮೇಲೇ ಉಳಿಯಿತು.

ಭಾನುವಾರ ಬೆಳಗ್ಗೆ ಆಟೋ ಬಂದು ನಿಂತಿತು. ಗಂಟುಮೂಟೆಯ ಜೊತೆ ಪಂಚಾಕ್ಷರಿಯ ತಾಯಿ ಶಿವಬಸಮ್ಮನೂ ಇಳಿದರು. ಅಲ್ಲಿಂದ ನೇರ ರೈಲಿಗೆ ಹೋಗುವವರು. ಇನ್ನು ಮನೆಗೆ ತಿರುಗಿ ಹೋಗಿ ರಂಗೋಲಿ ಹಾಕುವಷ್ಟು ಹೊತ್ತಿರಲಿಲ್ಲ.

"ಹಿಂಗಾದ್ರ ಇನ್ನೆಲ್ಲಿ ರಂಗೋಲಿ," ಅಂದ ಮಗ, ಮುಖ ಸಣ್ಣಗೆ ಮಾಡಿಕೊಂಡು.

ಶಿವಬಸಮ್ಮ ಅಂಗಡಿಯ ಮುಂದಿನ ಕಲ್ಲುಚಪ್ಪಡಿ ನೋಡಿದರು, ಮೆಹರುವನ್ನು ನೋಡಿದರು. "ಯವ್ವಾ, ನಿನ್ನ ಬಾಗಿಲಾಗ ಹಾಕಿದ್ರ ನಡೀತದೇನು?"

"ಹಾಕಿ ಅಮ್ಮಾ. ನೀರು ಹಾಕಿ ಕೊಡ್ತೀನಿ."

ಅವಳು ನೀರು ಚಿಮುಕಿಸಿದಳು. ನಮ್ಮ ಮನೆಯ ರಂಗೋಲಿ ಡಬ್ಬಿ ನಾನು ತಂದುಕೊಟ್ಟೆ. ಪಂಚಾಕ್ಷರಿ ಫಿಲ್ಮ್ ಹಾಕಿ, ಕೀಲಿ ಕೊಟ್ಟು, ಮಂಡಿಯೂರಿ ಕೂತ. ಒಂದು ಸಲ ಮೆಹರುವಿನ ಮುಖ ನೋಡಿದ. ಅವಳು ತಲೆಯಾಡಿಸಿದಳು.

ಕ್ಯಾಮೆರಾ ಓಡಿತು. ಕೀಲಿ ಇಳಿದಾಗ ನಿಲ್ಲಿಸಿ, ತಿರುಗಿಸಿ, ಮತ್ತೆ ಓಡಿಸಿದ. ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುತ್ತಿದ್ದ ಶಿವಬಸಮ್ಮ ತಲೆಯೆತ್ತದೆ, "ಇವತ್ತು ಅಂಜಿಲ್ಲ ನೋಡು," ಅಂದರು. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇತ್ತು. ಮೆಹರು ಚಿತ್ರ ನೋಡಲಿಲ್ಲ. ಗೋಡೆಗೆ ಒರಗಿ ಸದ್ದು ಮಾತ್ರ ಕೇಳುತ್ತಿದ್ದಳು. ಫಿಲ್ಮ್ ತೊಳೆದು ಬರಲು ದೂರದ ಊರಿಗೆ ಕಳಿಸಬೇಕಂತೆ, ತಿಂಗಳು ಹಿಡಿಯುತ್ತದಂತೆ.

ಆಟೋ ಹೋಗುವಷ್ಟರಲ್ಲಿ ಸಕ್ಲೇನ್ ಗುಜರಿಯವನ ಜೊತೆ ಸಂದಿಯ ತಿರುವಿನಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಗುಜರಿಯವನ ಕಿವಿಯಲ್ಲಿ ಏನೋ ಹೇಳಿ ಕಳಿಸಿಬಿಟ್ಟ. ರಂಗೋಲಿ ತುಳಿಯದ ಹಾಗೆ ಪಕ್ಕದಲ್ಲಿ ಬಂದು, ಅರ್ಧಕ್ಕೆ ನಿಂತಿದ್ದ ಶಟರನ್ನು ಮೇಲಕ್ಕೆ ತಳ್ಳಿದ. ಅದು ಕಿರುಚಿತು.

"ಬೆಳಗ್ಗೆನೂ ಅಂಗಡಿ ತೆಗೆಯೋದಾದ್ರೆ ಇದಕ್ಕೆ ಎಣ್ಣೆ ಹಾಕ್ಬೇಕು ಭಾಭಿ."

ಮೆಹರು ಗೂಡಿನಲ್ಲಿದ್ದ ತೆಂಗಿನೆಣ್ಣೆ ಬಾಟಲಿಯನ್ನು ಅವನ ಕೈಗೆ ಕೊಟ್ಟಳು.

"ಮಧ್ಯಾಹ್ನ ಹಾಕು. ಈಗ ಕರಗಿಲ್ಲ. ನನ್ನ ಕೈಗೆ ಸ್ವಲ್ಪ ಉಳಿಸು."