ಯಾರು ಫೋನ್ ಮಾಡಿದರೂ ಚಾಲೂ ಆಗುವ ಪಂಪು

ಚಿಕ್ಕಮ್ಮನ ಹಪ್ಪಳಕ್ಕೆ ನೀರು ಬಿಟ್ಟವನು ನಾನೇ. ಅದೂ ಮೈಲಿಗಟ್ಟಲೆ ದೂರದಲ್ಲಿ ಚಹಾ ಕುಡಿಯುತ್ತಾ, ಬೆರಳನ್ನೂ ಅಲ್ಲಾಡಿಸದೆ. ಇಂಥ ಪ್ರತಿಭೆ ಸಾಗರ ಸೀಮೆಯಲ್ಲಿ ಇನ್ನೊಬ್ಬರಿಗಿಲ್ಲ.

ನನ್ನ ಕೆಲಸ ತೋಟದ ಪಂಪುಗಳಿಗೆ ಮೊಬೈಲ್ ಸ್ಟಾರ್ಟರ್ ಕೂರಿಸುವುದು. ಡಬ್ಬಿಯೊಳಗೊಂದು ಸಿಮ್ಮು, ಅದಕ್ಕೆ ರಿಂಗ್ ಕೊಟ್ಟರೆ ಮೋಟರು ಚಾಲೂ ಆಗುತ್ತದೆ, ಮತ್ತೊಮ್ಮೆ ಕೊಟ್ಟರೆ ಆರುತ್ತದೆ. ಆದರೆ ಡಬ್ಬಿಯ ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ತೂತಿತ್ತು: ಯಾರ ಕರೆ ಬಂದರೂ ಅದು ಒಪ್ಪಿಕೊಳ್ಳುತ್ತಿತ್ತು. ಕಂಪನಿಯವರು ಹೊಸದನ್ನು ಕಳಿಸಿ, ಎಲ್ಲ ಡಬ್ಬಿಗೂ ತುಂಬಿ ಅಂದರು. ಹೊಸನಗರ, ತೀರ್ಥಹಳ್ಳಿ ಸುತ್ತಿ ತುಂಬಿದೆ, ಸಿಕ್ಕವರಿಗೆಲ್ಲ ಭದ್ರತೆಯ ಬಗ್ಗೆ ಭಾಷಣ ಬಿಗಿದೆ. ವರದಮೂಲದ ಹತ್ತಿರದ ಚಿಕ್ಕಮ್ಮನದನ್ನು ಮಾತ್ರ ಬಿಟ್ಟೆ. ನಮ್ಮ ಮನೆಯದೇ ತಾನೆ, ಯಾವಾಗಾದರೂ ಮಾಡಿದರಾಯಿತು! ಅದರೊಳಗೆ ಹಾಕಿದ್ದು ಆಕೆಯದೇ ಹಳೆಯ ಸಿಮ್ಮು.

ಅವತ್ತು ಅಂಗಳದ ತುಂಬ ಹಲಸಿನ ಹಪ್ಪಳ. ಮೇಳಿಗೆಯ ಮದುವೆಮನೆಗೆ ಮರುದಿನ ಸಂಜೆಯೊಳಗೆ ಮುಟ್ಟಬೇಕು. ಚಿಕ್ಕಮ್ಮನಿಗೆ ಅಷ್ಟು ದೊಡ್ಡ ಆರ್ಡರು ಅದೇ ಮೊದಲು. ನಾನು ಬೈಕಿಳಿಯುವಾಗ ಬಿರುಬಿಸಿಲಲ್ಲಿ ಮಳೆ! ಅಂಗಳದಂಚಿನ ಸ್ಪ್ರಿಂಕ್ಲರು ಗಿರಗಿರ ತಿರುಗುತ್ತಾ ಹಪ್ಪಳಕ್ಕೆ ಅಭಿಷೇಕ ಮಾಡುತ್ತಿತ್ತು.

"ತಮಾ! ಪಂಪು ಹಚ್ಚಿದ್ದು ನೀನನಾ?" ಚಿಕ್ಕಮ್ಮ ಕೂಗಿದಳು.

"ನಾನಲ್ಲ! ತಡಿ, ಆರಿಸ್ತೆ!"

ಗತ್ತಿನಿಂದ ರಿಂಗ್ ಕೊಟ್ಟೆ. ಮಳೆ ನಿಂತಿತು. ಕಾಲರ್ ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಶುರು. ಮತ್ತೆ ಆರಿಸಿದೆ. ಮತ್ತೆ ಯಾರೋ ಹಚ್ಚಿದರು! ಕಾಣದ ಎದುರಾಳಿಯ ಜೊತೆ ನನ್ನ ಹಗ್ಗಜಗ್ಗಾಟ ನಡೆದಿರುವಾಗ ಹಪ್ಪಳ ತಟ್ಟಲು ಬಂದಿದ್ದ ಪಕ್ಕದ ಮನೆಯಾಕೆ ಚಾಪೆ ಎಳೆಯುತ್ತಾ ಕಿರುಚಿದಳು: "ಫೋನ್ ಒತ್ತಿದ್ದು ಸಾಕು ಮಾರಾಯ್ರೆ, ಓಡ್ರಿ!"

ಓಡಿದೆ. ಕೆಸರಲ್ಲಿ ಜಾರಿ, ಕೂತ ಭಂಗಿಯಲ್ಲೇ ಪಂಪ್‌ಶೆಡ್ ತಲುಪಿ ಫ್ಯೂಸು ಕಿತ್ತೆ. ಎದುರಾಳಿ ಯಾರೆಂದು ನೋಡಲು ಡಬ್ಬಿಯ ಸಿಮ್ಮನ್ನು ನನ್ನ ಫೋನಿಗೆ ಹಾಕಿದ್ದೇ ತಡ, ರಿಂಗಾಯಿತು.

"ಹಪ್ಪಳದ ನಂಬರ್ ಹೌದಲ್ವಾ?" ಹೆಂಗಸಿನ ದನಿ. "ಬೆಳಿಗ್ಗಿಂದ ಮಾಡ್ತಾ ಇದೀನಿ. ಎತ್ತಕ್ಕೆ ಏನ್ರೀ ದಾಡಿ?"

ಚಿಕ್ಕಮ್ಮನ ಹಳೆಯ ಪ್ಯಾಕೆಟ್ಟುಗಳ ಮೇಲೆಲ್ಲ ಅದೇ ನಂಬರು ಅಚ್ಚಾಗಿತ್ತು! ಹಪ್ಪಳ ರುಚಿಯಾದಷ್ಟೂ ಕರೆ ಬರುತ್ತಿತ್ತು, ಕರೆ ಬಂದಷ್ಟೂ ಹಪ್ಪಳ ನೆನೆಯುತ್ತಿತ್ತು.

ಲ್ಯಾಪ್‌ಟಾಪು ತಂದು, ಡಬ್ಬಿಯಲ್ಲಿ ದಾಖಲಾಗಿದ್ದ ಕರೆಗಳ ನಂಬರು ಇಳಿಸಿಕೊಂಡು, ಅಲ್ಲೇ ಹೊಸ ಸಾಫ್ಟ್‌ವೇರು ತುಂಬಿದೆ. ಕಾಲು ಗಂಟೆಯ ಕೆಲಸ. ಅದಕ್ಕೆ ನಾನು ಒಂದಿಡೀ ಬೇಸಿಗೆ ಸೋಮಾರಿತನ ಮಾಡಿದ್ದೆ. ಈಗ ಆಕೆಯ ಹೊಸ ನಂಬರಿಗೆ ಮತ್ತು ನನ್ನದಕ್ಕೆ ಬಿಟ್ಟರೆ ಪಂಪು ಯಾರಿಗೂ ಬಗ್ಗದು. ಆಮೇಲೆ ನೆನೆದದ್ದನ್ನೆಲ್ಲ ಬಳಿದು, ಹೊಸ ಹಿಟ್ಟು ಸೇರಿಸಿ, ಕತ್ತಲಾಗುವವರೆಗೆ ತಟ್ಟಿದೆವು. ನಾನು ತಟ್ಟಿದವು ಒಂದೊಂದೂ ಒಂದೊಂದು ತಾಲೂಕಿನ ನಕ್ಷೆಯಂತಿದ್ದವು. ಅವನ್ನು ಮನೆ ಖರ್ಚಿಗೆಂದು ಬದಿಗಿಟ್ಟರು. ಮರುದಿನ ಬಿಸಿಲು ಕೈಕೊಡಲಿಲ್ಲ. ಸಂಜೆ ಡಬ್ಬಗಳನ್ನು ಮೇಳಿಗೆಗೆ ಮುಟ್ಟಿಸಿ ಬಂದು, ಬೈಗುಳಕ್ಕೆ ಬೆನ್ನೊಡ್ಡಿ ನಿಂತೆ.

ಚಿಕ್ಕಮ್ಮ ನೀರು ಬೆಲ್ಲ ಕೊಟ್ಟು ಹೇಳಿದಳು: "ನಿನ್ನೆ ಫೋನ್ ಮಾಡ್ದವ್ಕೆಲ್ಲ ಹಪ್ಪಳ ಬೇಕಾಗಿತ್ತು ಅಲ್ದಾ? ಒಬ್ಬರನ್ನೂ ಬಿಡಡ, ವಾಪಸ್ ಮಾಡಿ ಆರ್ಡರ್ ಹಿಡಿ. ಹಲಸಿನಕಾಯಿ ಕೊಯ್ಯದು, ತೊಳೆ ಬಿಡಿಸದು ಎಲ್ಲ ನಿಂದೇ. ತಟ್ಟದು ಮಾತ್ರ ಬ್ಯಾಡ."