ಗುಂಡು ಕೂರಿಸುವ ಆರ್ಲೊ

ಲೈಲ್ ಬ್ರೆಕೆ ಕೋವಿಯ ಬೋಲ್ಟನ್ನು ಹಿಂದಕ್ಕೆಳೆದಾಗ ಹಿತ್ತಾಳೆಯ ಕೊಳವೆ ಮಾತ್ರ ಈಚೆ ಬಂತು. ತುದಿಯ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತು. ಕೊಳವೆಯೊಳಗಿನ ಮದ್ದು ಸುರ್ರನೆ ಅವನ ತೊಡೆಯ ಮೇಲೆ ಸುರಿಯಿತು. ಬೇಟೆಗೆ ಮುಂಚೆ ಗುರಿ ಸರಿಮಾಡಿಕೊಳ್ಳಲು ಅರ್ಧ ಊರೇ ಮೈದಾನದಲ್ಲಿ ಸೇರಿದ್ದ ದಿನವದು.

“ಈಗ್ಲೇ ಕಾಳುಮೆಣಸು ಉದುರಿಸ್ತಿದ್ದೀಯೇನೋ ಲೈಲ್? ಮೊದ್ಲು ಎಲ್ಕ್ ಹೊಡಿ ಮಾರಾಯ!” ಗುಂಪಿನಲ್ಲೊಬ್ಬ ಕೂಗಿದ.

ಹದಿನೈದು ವರ್ಷ ಅರ್ಜಿ ಹಾಕಿ ಹಾಕಿ, ಈ ಸಲದ ಲಾಟರಿಯಲ್ಲಿ ಅವನಿಗೆ ಕುದುರೆಯಷ್ಟೆತ್ತರದ ಜಿಂಕೆಯಾದ ಗಂಡು ಎಲ್ಕ್ ಹೊಡೆಯುವ ಪರವಾನಗಿ ಬಂದಿತ್ತು. ಶನಿವಾರ ಬೇಟೆ ಶುರು. ಅವನ ಕೋವಿಗೆ ಹೊಂದುವ ತೋಟಾ ಮೊಂಟಾನಾದ ಯಾವ ಅಂಗಡಿಯಲ್ಲೂ ಇರಲಿಲ್ಲ. ಹಾಗಾಗಿ ತಾನೇ ಇಪ್ಪತ್ತು ತುಂಬಿಕೊಂಡಿದ್ದ. ಇಪ್ಪತ್ತೂ ಹೀಗೇ ಇದ್ದರೆ?

ತೋಟಾ ತುಂಬುವುದರಲ್ಲಿ ಊರಿಗೇ ಹಳಬನಾದ ಆರ್ಲೊ ಟೋಲೆಫ್ಸನ್‌ನ ಗ್ಯಾರೇಜಿಗೆ ಹೋಗದೆ ವಿಧಿಯಿರಲಿಲ್ಲ. ಆರ್ಲೊ ಮೂವತ್ತೊಂದು ವರ್ಷ ರೈಲಿನ ಬ್ರೇಕು ತಪಾಸಣೆ ಮಾಡಿ ನಿವೃತ್ತನಾದವನು. ಯಾವುದನ್ನೂ ಅಳೆಯದೆ ನಂಬುವವನಲ್ಲ. ಹೆಂಡತಿ ಆರ್ಡಿಸ್ ಮಾಡಿದ ಪ್ಯಾನ್‌ಕೇಕಿಗೂ ಕ್ಯಾಲಿಪರ್ ಹಿಡಿಯುತ್ತಾನೆಂದು ಊರು ಆಡಿಕೊಳ್ಳುತ್ತಿತ್ತು. ಆರ್ಡಿಸ್ ಅದನ್ನು ಅಲ್ಲಗಳೆದವಳಲ್ಲ. ಈಗೀಗ ಆರ್ಲೊನ ಕೈ ನಡುಗುವುದರಿಂದ ಬಾಯಲ್ಲಷ್ಟೇ ಕೆಲಸ.

ಅವನು ಹೇಳಿದಂತೆ ಲೈಲ್ ಸಲಾಕೆ ತೂರಿಸಿ ನಳಿಗೆಯ ಗುಂಡನ್ನು ಹೊರಗೆ ತಳ್ಳಿದ.

“ತೋಟಾದ ಈ ಉದ್ದ ಎಲ್ಲಿಂದ ತಂದೆ?”

“ಅಪ್ಪ ಗುಂಡು ಕೂರ್ಸೋ ಅಚ್ಚಿನ ಡಬ್ಬಿ ಮುಚ್ಚಳದಲ್ಲಿ ಬರೆದಿಟ್ಟಿದ್ರು.”

“ನಿಮ್ಮಪ್ಪ ಹಾಕ್ತಿದ್ದಿದ್ದು ಚೂಪು ಮೂತಿ ಗುಂಡು. ನೀನು ತಂದಿರೋದು ದಪ್ಪ ಮೂತೀದು. ಉದ್ದ ಒಂದೇ ಆದ್ರೂ ಇದರ ಭುಜ ಮೊದ್ಲೇ ಹೋಗಿ ನಳಿಗೆಗೆ ತಾಗಿ ಕಚ್ಕೊಳ್ಳುತ್ತೆ. ಅಪ್ಪನ ಷರ್ಟು ನಿಂಗಾಗುತ್ತೇನೋ?”

ಲೈಲ್ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ.

“ಹಂಗಾದ್ರೆ ಇನ್ನೊಂಚೂರು ಒಳಗೆ ತಳ್ಳಿಬಿಡ್ಲಾ?”

“ಈ ಗುಂಡಿಗೆ ತೋಟಾ ತುಂಬೋ ಪುಸ್ತಕ ಎಷ್ಟು ಹೇಳುತ್ತೋ ಅಷ್ಟೇ. ಜಾಸ್ತಿ ತುರುಕಿದ್ರೆ ಕೋವಿ ನಿನ್ನ ಮುಖಕ್ಕೇ ಉತ್ತರ ಕೊಡುತ್ತೆ.” ಆಮೇಲೆ ತೋಟಾಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಸಿದ. “ಅಚ್ಚನ್ನ ಇಷ್ಟೊಂದು ಕೆಳಗೆ ಯಾಕೆ ತಿರುಗಿಸ್ದೆ?”

“ಗಟ್ಟಿಯಾಗಿ ಕೂತ್ಕೊಳ್ಳಿ ಅಂತ.”

“ಕೂತಿದೆ. ಕತ್ತು ಮುರ್ಕೊಂಡು ಕೂತಿದೆ.”

ಹದಿನೈದು ಕೊಳವೆಗಳ ಹೆಗಲು ಉಬ್ಬಿ ಕೋವಿಯೊಳಗೆ ಹೋಗದಂತಾಗಿತ್ತು. ಗುಂಡು, ಮದ್ದು ಬಿಡಿಸಿಕೊಂಡು ಕೊಳವೆಗಳನ್ನು ಗುಜರಿ ಡಬ್ಬಕ್ಕೆ ಹಾಕಬೇಕಾಯಿತು. ಒಂದೊಂದು ಟಣ್ ಎಂದಾಗಲೂ ಲೈಲ್‌ಗೆ ತನ್ನ ಅರ್ಜಿಯ ಒಂದೊಂದು ವರ್ಷ ಬಿದ್ದಂತಾಗುತ್ತಿತ್ತು. ಹೊಸದಾಗಿ ತುಂಬೋಣವೆಂದರೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಎಲ್ಲೂ ಸಿಗುತ್ತಿರಲಿಲ್ಲ. ಮೈದಾನದಲ್ಲಿ ಬಿಚ್ಚಿಕೊಂಡದ್ದನ್ನೂ ಮತ್ತೆ ತುಂಬಿ, ಉಳಿದವನ್ನು ಪುಸ್ತಕದ ಅಳತೆಗೆ ಕೂರಿಸಿದ ಮೇಲೆ ಸಂಜೆಗೆ ಮೇಜಿನ ಮೇಲೆ ಸರಿಯಾದವು ಐದೇ ನಿಂತಿದ್ದವು. ಗುರಿ ನೋಡಲು ಅದರಲ್ಲೇ ಮೂರು ಹೋಗಬೇಕು.

“ಐವತ್ತು ವರ್ಷದಿಂದ ಕೂದಲೆಳೆ ಅಳತೆಯಲ್ಲಿ ತುಂಬ್ತಿದ್ದೀಯಲ್ಲ ಆರ್ಲೊ,” ಲೈಲ್ ಸೋತ ದನಿಯಲ್ಲಿ ಕೇಳಿದ, “ನಿಜ ಹೇಳು, ಒಟ್ಟು ಎಷ್ಟು ಎಲ್ಕ್ ಹೊಡ್ದಿದ್ದೀಯ?”

ಆರ್ಲೊ ಕ್ಯಾಲಿಪರ್ ಒರೆಸಿ ಪೆಟ್ಟಿಗೆಯಲ್ಲಿಟ್ಟ.

“ಒಂದು. ಅದೂ ಅಂಗಡಿ ತೋಟಾದಲ್ಲಿ.”